ಕುದಿಸದ ಬೇರು

ವತ್ಸನಾಭಿಯ ಬೇರನ್ನು ಕುದಿಸದೆ ಪುಡಿ ಮಾಡಿದರೆ ಗ್ಯಾಸ್ ಉಳಿಯುತ್ತದೆ, ಹಾಲು ಉಳಿಯುತ್ತದೆ, ತೂಕವೂ ಉಳಿಯುತ್ತದೆ.

ತಿಂದವನು ಮಾತ್ರ ಉಳಿಯುವುದಿಲ್ಲ!

ಈ ಲೆಕ್ಕ ನನಗೆ ಹೊಳೆದಾಗ ಔಷಧಿ ಗೋಡೌನಿನ ಕಂಬಕ್ಕೆ ನನ್ನನ್ನು ಹಗ್ಗದಲ್ಲಿ ಬಿಗಿದಿದ್ದರು. ಎದುರಿಗೆ ಕ್ಯಾಪ್ಸೂಲ್ ಕಂಪನಿಯ ಧಣಿ, ಕೈಯಲ್ಲಿ ಒಂದು ಚಮಚ ಬೂದು ಪುಡಿ. ಪಕ್ಕದಲ್ಲಿ ಅವನ ಬಂಟ ಗೂಳಿ... ನನ್ನ ತುಟಿ ಒಡೆದ ಮಹಾನುಭಾವ.

“ನುಂಗು,” ಅಂದ ಧಣಿ. “ಅಕ್ಕನ ಔಷಧಿ ತಮ್ಮನನ್ನೂ ಬಿಡಲಿಲ್ಲ ಅಂತ ಊರೇ ಆಡ್ಕೊಳ್ಳುತ್ತೆ.”

ನನ್ನಕ್ಕ ನಾಟಿ ಔಷಧಿಯವಳು. ಕೀಲುನೋವಿಗೆ ಇದೇ ಬೇರು ಕೊಡುತ್ತಾಳೆ. ಹೋಳು ಮಾಡಿ, ಹಾಲಿನಲ್ಲಿ ಕುದಿಸಿ, ಆ ಹಾಲು ಚೆಲ್ಲಿ ಮತ್ತೆ ಕುದಿಸಿ... ಕೊನೆಗೆ ಸೂಜಿಮೊನೆಯಷ್ಟನ್ನು ತನ್ನ ನಾಲಗೆಗೇ ಇಟ್ಟುಕೊಳ್ಳುತ್ತಾಳೆ. ಜುಮ್ ಎಂದರೆ ಮತ್ತೆ ಒಲೆಗೆ!

ಈ ಧಣಿಯ ಕ್ಯಾಪ್ಸೂಲ್ ತಿಂದು ದರ್ಜಿಯೊಬ್ಬ ಸತ್ತ. ದರ್ಜಿ ಅಕ್ಕನ ಹಳೆಯ ಗಿರಾಕಿ. ಪೊಲೀಸರು ಹಿಡಿದದ್ದು ಅಕ್ಕನನ್ನು. ಈ ಗೋಡೌನಿನ ಕುದಿಸದ ಬೇರನ್ನು ಕದ್ದು ತೋರಿಸೋಣವೆಂದು ಬಂದವನು ಸಿಕ್ಕಿಬಿದ್ದಿದ್ದೆ.

“ಕುದಿಸೋಕೆ ನಿನಗೇನು ರೋಗ?”

“ಕುದಿಸಿದ್ರೆ ಪವರ್ ಹೋಗುತ್ತೆ. ಜನ ಪವರ್ ಕೇಳ್ತಾರೆ.”

“ಹೌದ್ಹೌದು. ನೇರ ಮಸಣಕ್ಕೇ ಓಡಿಸೋ ಪವರ್ರು!”

ಗೂಳಿ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ತುಟಿ ಉಜ್ಜಿಕೊಂಡ. ಮತ್ತೆ ಉಜ್ಜಿಕೊಂಡ.

ನಾನು ಅವನ ತುಟಿಯನ್ನೇ ದಿಟ್ಟಿಸಿದೆ.

“ಏನಣ್ಣ, ತುಟಿ ಮರಗಟ್ಟಿದೆಯಾ?”

“ನಿಂಗ್ಯಾಕೋ?”

“ನಾಲಗೆ ಮೇಲೆ ಇರುವೆ ಹರಿದಂಗಾಗ್ತಿದೆಯಾ? ಎದೆ ಎಡವಿ ಎಡವಿ ಹೊಡ್ಕೋತಿದೆಯಾ?”

ಗೂಳಿಯ ಮುಖ ಬಿಳುಚಿತು. “ಧಣಿ... ಮಂಡಿನೋವಿಗೆ ಅಂತ ಆಗ್ಲೇ ನೀವೇ ಕ್ಯಾಪ್ಸೂಲ್ ಕೊಟ್ರಲ್ಲ... ಬೇಗ ವಾಸಿಯಾಗ್ಲಿ ಅಂತ ಒಂದು ಹಿಡಿ ನುಂಗ್ಬಿಟ್ಟೆ!”

“ಆಸ್ಪತ್ರೆಗೆ ಹೊರಡು!” ಅಂದೆ. “ಮನೆಮದ್ದಿಗೆಲ್ಲ ಇದು ಬಗ್ಗಲ್ಲ.”

“ಆಸ್ಪತ್ರೆ ಗೀಸ್ಪತ್ರೆ ಬೇಡ,” ಧಣಿ ಗೇಟಿನ ಬೀಗದಕೈಯನ್ನು ಜೇಬಿಗಿಳಿಸಿದ. “ಏನು ತಿಂದೆ ಅಂತ ಕೇಳ್ತಾರೆ. ನೀರು ಕುಡಿದು ಮಲಕ್ಕೋ ಹೋಗು.”

ಗೂಳಿ ಧಣಿಯನ್ನು ನೋಡಿದ. ನನ್ನನ್ನು ನೋಡಿದ. ಚಾಕು ತೆಗೆದ...

ನನ್ನ ಹಗ್ಗ ಕೊಯ್ದ!

“ಗಾಡಿ ಓಡ್ಸೋಕೆ ಬರುತ್ತೇನೋ?”

“ನಿಲ್ಸೋದು ಮಾತ್ರ ಬರಲ್ಲ. ಹತ್ತು!”

ಕಂಪನಿಯ ವ್ಯಾನನ್ನೇ ಗೇಟಿಗೆ ಗುದ್ದಿದೆ. ಗೇಟು ಕಿತ್ತು ಬಿತ್ತು. ಹಿಂದೆಯೇ ಧಣಿಯ ಜೀಪು! ಸಿಗ್ನಲ್ ಕೆಂಪು... ನುಗ್ಗಿದೆ! ಜೀಪು ಪಕ್ಕಕ್ಕೆ ಬಂದು ಉಜ್ಜಿತು. ಕನ್ನಡಿ ಹಾರಿಹೋಯಿತು.

“ಸಾಯ್ತೀನೇನೋ?” ಗೂಳಿ ಮಗುವಿನ ಹಾಗೆ ಕೇಳಿದ.

“ನೀನು ಸತ್ರೆ ನಮ್ಮಕ್ಕನ್ನ ಬಿಡಿಸೋರ್ಯಾರು? ತೆಪ್ಪಗೆ ಉಸಿರಾಡು!”

ಆಸ್ಪತ್ರೆಯ ಎಮರ್ಜೆನ್ಸಿ ಮೆಟ್ಟಿಲಿಗೇ ವ್ಯಾನ್ ಹತ್ತಿಸಿದೆ. ಅಷ್ಟು ಜನರನ್ನು ಕಂಡು ಜೀಪು ಬಾಲ ಮುದುರಿಕೊಂಡು ತಿರುಗಿತು.

ಗೂಳಿ ಬದುಕಿದ. ಎದೆಗೆ ವೈರು ಅಂಟಿಸಿಕೊಂಡೇ ಇನ್ಸ್‌ಪೆಕ್ಟರ್ ಮುಂದೆ ಎಲ್ಲವನ್ನೂ ಕಕ್ಕಿದ. ವ್ಯಾನಿನ ತುಂಬ ಕುದಿಸದ ಬೇರಿನ ಮೂಟೆಗಳಿದ್ದವು. ಸಾಕ್ಷಿ ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ.

ಧಣಿ ಜೈಲಿಗೆ ಹೋದ. ಅಕ್ಕ ಹೊರಗೆ ಬಂದಳು. ಅದೇ ವಾರ ಸರ್ಕಾರ ಆರ್ಡರ್ ಹೊರಡಿಸಿತು: ಆ ಬೇರನ್ನು ಇನ್ನು ಯಾರೂ ಕೊಡುವ ಹಾಗಿಲ್ಲ. ಕುದಿಸಿದವರೂ ಅಷ್ಟೇ, ಕುದಿಸದವರೂ ಅಷ್ಟೇ.

“ಹೋಗ್ಲಿ ಬಿಡಕ್ಕ,” ಅಂದೆ. “ನೀನು ಬಂದ್ಯಲ್ಲ.”

“ನಾನು ಬಂದೆ ಕಣೋ,” ಅಂದಳು ಅಕ್ಕ. “ನನ್ನ ಕಸುಬು ಒಳಗೇ ಉಳೀತು.”