ಕೇಳದೆ ಮಾಡಿಸಿದ ಪ್ರಾರ್ಥನೆ

"ಯಾರನ್ನ ಕೇಳಿ ಹೇಳ್ದೆ ನೀನು?"

ಆರಾಧನೆ ಮುಗಿದು ಜನ ಇನ್ನೂ ಚರ್ಚಿನ ಅಂಗಳದಲ್ಲೇ ಇದ್ದರು. ಒಳಗೆ, ಕೀಬೋರ್ಡ್ ನುಡಿಸುವ ಟೀಚರ್ ಮೈಕ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಎದುರು ನಿಂತಿದ್ದಳು. ಅವನು ಸುತ್ತುತ್ತಿದ್ದ ಮೈಕ್ ವೈರನ್ನು ಸಿಟ್ಟಿನಿಂದ ಕಿತ್ತುಕೊಂಡಳು!

ತಿಂಗಳುಗಳಿಂದ ಅವಳಿಗೆ ಸರಿಯಾದ ನಿದ್ದೆ ಇಲ್ಲ. ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟಿದ್ದರು. ಪ್ರಾರ್ಥನೆಗೆ ಮೊಣಕಾಲೂರಿದರೆ ಒಂದು ಮಾತೂ ಹೊರಡುತ್ತಿರಲಿಲ್ಲ. ಇದನ್ನು ಅವಳು ಹೇಳಿಕೊಂಡಿದ್ದು ಇಡೀ ಲೋಕದಲ್ಲಿ ಈ ಗೆಳೆಯ ಒಬ್ಬನ ಹತ್ತಿರ. ಆ ಮಹಾನುಭಾವ ಇವತ್ತು ಪ್ರಾರ್ಥನಾ ವಿನಂತಿಯ ಹೊತ್ತಿಗೆ ಎದ್ದು, ಮೈಕ್ ಹಿಡಿದು, "ನಮ್ಮ ಟೀಚರ್‌ಗೆ ಮನಸ್ಸಿಗೆ ಹುಷಾರಿಲ್ಲ, ಮಾತ್ರೆ ತಗೋತಿದ್ದಾರೆ, ಪ್ರಾರ್ಥನೆ ಮಾಡೋಕೂ ಆಗ್ತಿಲ್ಲ. ಎಲ್ಲರೂ ಪ್ರಾರ್ಥಿಸಿ" ಎಂದುಬಿಟ್ಟಿದ್ದ.

ಮುಗಿಯಿತಲ್ಲ! ಒಬ್ಬರು ಬಂದು ಉಪವಾಸ ಮಾಡು ಎಂದರು. ಇನ್ನೊಬ್ಬರು ಕಿವಿಯ ಹತ್ತಿರ ಬಗ್ಗಿ, ಏನು ಪಾಪ ಮಾಡಿದ್ದೀಯಮ್ಮ ಎಂದು ಕೇಳಿದರು.

"ಭಯ ಆಯ್ತು ಕಣೇ... ನಮ್ಮನೇಲಿ ಯಾರಿಗೇನಾದ್ರೂ ಇಲ್ಲೇ ಬಂದು ಹೇಳೋದು. ನನಗೆ ಬೇರೆ ಏನೂ ತೋಚಲಿಲ್ಲ."

"ನಾನು ಹೇಳ್ಕೊಂಡಿದ್ದು ನಿನ್ನ ಹತ್ರ! ಊರಿಗೆಲ್ಲ ಹೇಳೋಕೆ ನನಗೆ ಬಾಯಿಲ್ವಾ?"

ಅಷ್ಟರಲ್ಲಿ ಅವಳ ದೊಡ್ಡಮ್ಮ ಬೈಬಲ್ ಅವುಚಿಕೊಂಡು ಒಳಗೆ ಬಂದರು. "ಆ ಮಾತ್ರೆ ಮೊದಲು ಬಿಸಾಕು. ಕರ್ತನ ಮೇಲೆ ನಂಬಿಕೆ ಇರೋರಿಗೆ ಅದೆಲ್ಲ ಯಾಕೆ?"

"ಹಾಗಾದ್ರೆ ನೀವು ಕನ್ನಡಕ ಬಿಸಾಕಿ ಬೈಬಲ್ ಓದಿ ದೊಡ್ಡಮ್ಮ!" ಎಂದು ಅವನು ಗುಡುಗಿದ.

ದೊಡ್ಡಮ್ಮ ಗೊಣಗುತ್ತಾ ಹೊರಟೇ ಹೋದರು. ಟೀಚರಿಗೆ ನಗು ಉಕ್ಕಿ ಬಂತು, ನುಂಗಿಕೊಂಡಳು. ಇಷ್ಟು ಸುಲಭಕ್ಕೆ ಕ್ಷಮಿಸಿಬಿಡುವುದೇ?

"ನನ್ನ ಪರವಾಗಿ ಜಗಳ ಆಡು ಅಂತಾನೂ ನಾನು ಹೇಳಿಲ್ಲ. ಒಂದ್ಸಲನಾದ್ರೂ ನನ್ನ ಕೇಳ್ಬಾರ್ದಾ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ನಿನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದ್ದೀನಿ. ಹೇಳಬೇಕಾಗಿದ್ದು ಅದು... ಅದನ್ನ ಬಿಟ್ಟು ಹೇಳಬಾರದ್ದನ್ನ ಹೇಳ್ದೆ."

ಈ ಮಾತಿಗಾಗಿ ಎಷ್ಟು ಕಾದಿದ್ದಳು! ಇವತ್ತೇ ಬರಬೇಕಿತ್ತೇ ಅದು?

"ನೀನಂದ್ರೆ ನನಗೂ ಇಷ್ಟ ಕಣೋ... ಅದಕ್ಕೇ ಇಷ್ಟು ಉರೀತಿರೋದು!" ಎಂದವಳೇ ಬೆಂಚಿನ ಮೇಲೆ ಕುಸಿದು ಕೂತಳು.

ಅವನು ಎರಡು ಹೆಜ್ಜೆ ದೂರದಲ್ಲೇ ನಿಂತ. "ಪಕ್ಕದಲ್ಲಿ ಕೂರ್ಲಾ?"

"ಕೂರು. ಪ್ರಾರ್ಥನೆ ಗೀರ್ಥನೆ ಮಾತ್ರ ಬೇಡ."

ಅವನು ತುಟಿ ಪಿಟಕ್ಕೆನ್ನದೆ ಕೂತ. ಸಮಾಧಾನವಿಲ್ಲ, ಬೈಬಲ್ ವಚನವಿಲ್ಲ, ಬುದ್ಧಿಮಾತಿಲ್ಲ. ಆ ಮೌನದಲ್ಲಿ ಅವಳೊಳಗೆ ಹೆಪ್ಪುಗಟ್ಟಿದ್ದು ತಾನಾಗಿ ಬಾಯಿಗೆ ಬಂತು. ಅವಳು ತಲೆಯೆತ್ತಿ ಕೂಗಿಬಿಟ್ಟಳು.

"ಯೇಸಪ್ಪಾ, ಸಾಕಾಗಿದೆ ನಂಗೆ! ನಾನು ಮುಳುಗ್ತಿದ್ದಾಗ ಎಲ್ಲಿ ಹೋಗಿದ್ದೆ ನೀನು? ನಿನ್ನ ಮೇಲೂ ಕೋಪ ಇದೆ... ಒಂದು ರಾತ್ರಿ ನಿದ್ದೆನಾದ್ರೂ ಕೊಡು!"

ಕಣ್ಣೀರು ಧಾರಾಕಾರವಾಗಿ ಇಳಿಯಿತು. ಅವನ ಕಣ್ಣೂ ತುಂಬಿತ್ತು. ಅವಳ ಅಳು ಇಳಿದ ಮೇಲೆ ಅವನು ಮೆಲ್ಲಗೆ ಕೇಳಿದ.

"ಆಮೆನ್ ಅನ್ಲಾ?"

ಅವಳು ಅವನ ತೋಳಿಗೆ ತಲೆಯಾನಿಸಿದಳು.

"ಹ್ಞೂಂ... ಅನ್ನು."