ಅಂಗಳಕ್ಕೊಂದು ಒಲೆ ಆಯ್ದ ಕೊಟ್ರವ್ವ

ಬಹಳ ಹಿಂದೆ, ಗಾಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮಿಣುಕುಪುರವೆಂಬ ರಾಜ್ಯವಿತ್ತು. ಅಲ್ಲಿಯ ಜನ ಅಂಗಳದಲ್ಲೇ ಒಲೆ ಹೂಡಿ, ಬಯಲಲ್ಲೇ ಬೇಯಿಸಿ ಉಣ್ಣುತ್ತಿದ್ದರು. ಒಂದು ಬೆಳಿಗ್ಗೆ ರಾಜ್ಯದ ಬೆಂಕಿಯೆಲ್ಲ ಆರಿಹೋಯಿತು. ಧೂಮಾಂಗನೆಂಬ ಮಾಂತ್ರಿಕ ಅದನ್ನು ಕದ್ದಿದ್ದ. ಅವನ ಮೈಯೆಲ್ಲ ಬರೀ ಹೊಗೆ.

ಅವನು ಡಂಗುರ ಸಾರಿಸಿದ: "ನನ್ನ ಅಂಗಳದಲ್ಲಿ ಮೂರು ಒಲೆಗಳಿವೆ. ಸರಿಯಾದುದನ್ನು ಆಯ್ದುಕೊಂಡವರು ಬೆಂಕಿ ಒಯ್ಯಬಹುದು. ತಪ್ಪಿದವರು ಇದ್ದಿಲಾಗುತ್ತಾರೆ."

ಹನ್ನೊಂದು ಜನ ಹೋದರು. ಯುವರಾಜನೂ ಹೋದ. ಯಾರೂ ಮರಳಲಿಲ್ಲ.

ಕೊಟ್ರವ್ವ ಮದುವೆ ಮನೆಗಳ ಅಡುಗೆಯವಳು. ನಲವತ್ತು ವರ್ಷ ಊರಿಗೆಲ್ಲ ಬೇಯಿಸಿ ಹಾಕಿ ಅವಳ ಮೊಣಕಾಲು ಸವೆದಿದ್ದವು. ಸೊಸೆ ನೀಲವ್ವ ಹಸಿ ಬಾಣಂತಿ. ಬಿಸಿ ಊಟವಿಲ್ಲದೆ ಅವಳ ಎದೆಹಾಲು ಬತ್ತುತ್ತಿತ್ತು. ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತ್ತು.

"ನೀವು ಹೋಗಬೇಡಿ ಅತ್ತೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತೆ ನಿಮಗೆ," ಎಂದಳು ನೀಲವ್ವ.

"ಬಂದರೆ ಕೂತು ಕೂತು ಹೋಗ್ತೀನಿ ಬಿಡು."

ಮಡಿಲಲ್ಲಿ ಮೂರು ಬದನೆಕಾಯಿ ಕಟ್ಟಿಕೊಂಡು ಕೊಟ್ರವ್ವ ಹೊರಟಳು. ಮೂರು ದಿನ ನಡೆದಳು. ಧೂಮಾಂಗನ ಅಂಗಳ ಸೇರಿದಾಗ ಭಯಪಡುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

"ಆಯ್ದುಕೋ ಮುದುಕಿ," ಎಂದ ಧೂಮಾಂಗ.

"ಬೇಯಿಸಿ ನೋಡದೆ ಒಲೆ ಆಯ್ಕೊಳ್ತಾರೇನಪ್ಪ?" ಎಂದಳು ಅವಳು.

ಈ ಮಾತನ್ನು ಹಿಂದೆ ಯಾರೂ ಕೇಳಿರಲಿಲ್ಲ. ಅವನು ನಕ್ಕು ಒಪ್ಪಿದ.

ಮೊದಲನೆಯದು ಆನೆಗಾತ್ರದ ಕಬ್ಬಿಣದ ಒಲೆ. ನೂರು ಜನರ ಅಡುಗೆ ಒಟ್ಟಿಗೆ ಮಾಡುತ್ತೇನೆಂದು ಗರ್ಜಿಸಿತು. ಬದನೆಕಾಯಿ ಇಟ್ಟಳು. ಹೊರಗೆ ಕರಕಲು, ಒಳಗೆ ಹಸಿ. "ಅಬ್ಬರ ಜಾಸ್ತಿ," ಎಂದು ಮುಂದೆ ಹೋದಳು.

ಎರಡನೆಯದು ಹೊಳೆಯುವ ಹಿತ್ತಾಳೆಯದು. ಸೌದೆ ಬೇಡ, ಬೂದಿಯಿಲ್ಲ ಎಂದು ಹಾಡಿತು. ಬದನೆಕಾಯಿ ಚೆಂದವಾಗಿ ಬೆಂದಂತೆ ಕಂಡಿತು. ಮುರಿದರೆ ಮಂಜಿನಷ್ಟು ತಣ್ಣಗಿತ್ತು. "ಇದು ಬೆಂಕಿಯ ಚಿತ್ರ, ಬೆಂಕಿಯಲ್ಲ."

ಮೂರನೆಯದು ಒಲೆಯೇ ಅಲ್ಲ, ಮುದಿ ಆಮೆ. ಬೆನ್ನ ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಬೂದಿ ಮುಚ್ಚಿ ಉಸಿರುಗಟ್ಟಿದ ಕೆಂಡ. ದಟ್ಟ ಹೊಗೆ ಏಳುತ್ತಿತ್ತು. ಇಟ್ಟ ಬದನೆಕಾಯಿ ಬೇಯಲೇ ಇಲ್ಲ.

ಕೊಟ್ರವ್ವ ಅದರ ಪಕ್ಕ ಕುಸಿದು ಕೂತಳು. "ನಿನಗೂ ಸಾಕಾಗಿದೆ ಅಲ್ವಾ?"

ಆಮೆ ಕಣ್ಣು ತೆರೆಯಿತು. "ಸಾಕಾಗಿದೆ ತಾಯಿ. ರಾಜ್ಯದ ಬೆಂಕಿಯೆಲ್ಲ ನನ್ನ ಬೆನ್ನೊಳಗಿದೆ. ಇಳಿಸುವವರಿಲ್ಲ."

"ಇದನ್ನೇ ಆಯ್ದುಕೊಂಡೆ," ಎಂದಳು ಕೊಟ್ರವ್ವ.

"ಬೇಯಿಸದ ಒಲೆಯನ್ನು ಆಯ್ದುಕೊಂಡೆಯಾ? ನೀನೂ ಇದ್ದಿಲಾಗು!" ಎಂದು ಧೂಮಾಂಗ ಕೈಯೆತ್ತಿದ. ಅವಳ ಕಾಲ್ಬೆರಳುಗಳು ಕಪ್ಪಾಗತೊಡಗಿದವು.

ಕೊಟ್ರವ್ವ ಓಡಲಿಲ್ಲ. ಓಡಲು ಕಾಲಲ್ಲಿ ಬಲವೂ ಇರಲಿಲ್ಲ. ಹೊಗೆಯಾಡುವ ಒಲೆಗೆ ಏನು ಬೇಕೆಂದು ಮಾತ್ರ ಅವಳಿಗೆ ಗೊತ್ತಿತ್ತು. ಜಾಲರಿ ಎತ್ತಿ, ಬರಿಗೈಯಲ್ಲಿ ಬೂದಿ ಬಾಚಿ ಬಾಚಿ ಹೊರಹಾಕಿದಳು. ಕೈ ಬೊಬ್ಬೆಯೆದ್ದವು. ಕಪ್ಪು ಮಂಡಿಗೇರಿತು, ಸೊಂಟಕ್ಕೇರಿತು. ಕಡೆಯ ಹಿಡಿ ಬೂದಿ ಹೋದದ್ದೇ ತಡ, ಕೆಂಡಕ್ಕೆ ಗಾಳಿ ಸಿಕ್ಕಿತು. ಕೆಂಪಗೆ, ನಿರ್ಮಲವಾಗಿ ಉರಿಯಿತು. ಹೊಗೆ ನಿಂತಿತು.

ಹೊಗೆ ನಿಂತ ಮೇಲೆ ಧೂಮಾಂಗನೆಲ್ಲಿ? "ಮುಚ್ಚು, ಮುಚ್ಚು!" ಎನ್ನುತ್ತ ತೆಳ್ಳಗಾಗಿ, ಗಾಳಿಯಲ್ಲಿ ಕರಗಿಹೋದ.

ಕೆಂಡಗಳು ಕೆಂಪು ಗುಬ್ಬಿಗಳಾಗಿ ಹಾರಿ ತಮ್ಮ ತಮ್ಮ ಅಂಗಳ ಸೇರಿದವು. ಇದ್ದಿಲುಗಳು ಮೈಮುರಿದು ಮನುಷ್ಯರಾದವು. ಕೊಟ್ರವ್ವನ ಕಾಲ ಕಪ್ಪು ಇಳಿಯಿತು. ಯುವರಾಜ ಅವಳ ಕಾಲಿಗೆರಗಿದ. ಭಾರವಿಳಿದ ಆಮೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಊರಿಗೆ ತಂದಿತು. ನೀಲವ್ವ ಬಿಸಿ ಗಂಜಿ ಕುಡಿದಳು. ಕೂಸು ಹೊಟ್ಟೆತುಂಬ ಹಾಲುಂಡು ನಿದ್ದೆಹೋಯಿತು.

"ಏನು ಬೇಕೋ ಕೇಳು ತಾಯಿ," ಎಂದ ರಾಜ.

"ಇವತ್ತೊಂದು ದಿನ ಬೇರೆ ಯಾರಾದರೂ ಅಡುಗೆ ಮಾಡಲಿ, ದೊರೆ."

ರಾಜ ಕಿರೀಟ ಕಳಚಿ ಪಕ್ಕಕ್ಕಿಟ್ಟ. ಅಂಗಳದ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ರೊಟ್ಟಿ ಸುಟ್ಟ. ರೊಟ್ಟಿ ಸ್ವಲ್ಪ ಸೀದಿತ್ತು. ಕೊಟ್ರವ್ವ ಗೋಡೆಗೊರಗಿ, ಕಾಲು ನೀಡಿ, ಪೂರ್ತಿ ತಿಂದಳು. ಆ ಹೊತ್ತಿನಿಂದ ಮಿಣುಕುಪುರದವರೆಲ್ಲ ಸುಖವಾಗಿದ್ದರು.