ಖಾಲಿ ಬಿಟ್ಟ ಕಾಲಂ

"ಈ ನೋಟ್‌ಬುಕ್ ನನ್ನ ಕೈ ಬಿಟ್ಟು ಎಲ್ಲೂ ಹೋಗಲ್ಲ! ಬೇಕಾದ್ರೆ ನನ್ನನ್ನೂ ಸೇರಿಸಿ ಕಂಪ್ಯೂಟರೊಳಗೆ ಹಾಕ್ಕೊಳ್ಳಿ!"

ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತು ಗುಡುಗಿದವನನ್ನು ಕಂಡು ಅವಳ ಕೈಯಲ್ಲಿದ್ದ ರಕ್ತದ ಟ್ಯೂಬು ಇನ್ನೇನು ಜಾರುವುದರಲ್ಲಿತ್ತು.

"ಏನ್ರೀ ಇದು? ಲ್ಯಾಬೋ, ಸಂತೆಯೋ? ಮೊದಲು ದನಿ ಇಳಿಸಿ!"

"ಇಳಿಸ್ತೀನಿ. ನೋಟ್‌ಬುಕ್ ಮಾತ್ರ ಕೊಡಲ್ಲ."

ಅವನು ಆ ಸಣ್ಣ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಅವಳು ತಿಂಗಳ ಹಿಂದಷ್ಟೇ ಸೇರಿದ ಲ್ಯಾಬ್ ಟೆಕ್ನಿಷಿಯನ್. ಇಬ್ಬರೂ ಎದುರುಬದುರು ನಿಂತು ಮಾತಾಡಿದ್ದು ಅದೇ ಮೊದಲು. ಮೊದಲ ಮಾತೇ ಜಗಳ!

ಅವನು ಎದೆಗವಚಿಕೊಂಡಿದ್ದು ನೀಲಿ ರಟ್ಟಿನ ದಪ್ಪ ನೋಟ್‌ಬುಕ್. ಆರು ವರ್ಷ ಮನೆಮನೆ ತಿರುಗಿ, ರಕ್ತ ಕೊಡಲು ಒಪ್ಪಿದ ಇನ್ನೂರ ಹನ್ನೆರಡು ಜನರ ವಿವರ ಬರೆದಿಟ್ಟಿದ್ದ. ಅದನ್ನು ವೆಬ್‌ಸೈಟಿಗೆ ಏರಿಸಬೇಕು, ಯಾರಿಗೆ ಬೇಕಾದರೂ ತಕ್ಷಣ ಸಿಗಬೇಕು ಎಂದು ಬಡಾವಣೆಯ ಸಮಿತಿ ತೀರ್ಮಾನಿಸಿತ್ತು. ಮಾಡುವವರು ಯಾರು? "ಲ್ಯಾಬ್ ಹುಡುಗಿಗೆ ಕಂಪ್ಯೂಟರ್ ಬರತ್ತಲ್ಲ!" ಎಂದಿದ್ದರು ಸಮಿತಿಯ ಅಧ್ಯಕ್ಷರಾದ ಮೇಷ್ಟ್ರು. ಅವರ ದೃಷ್ಟಿಯಲ್ಲಿ ಕೀಲಿಮಣೆ ಒತ್ತುವವರೆಲ್ಲ ವಿಜ್ಞಾನಿಗಳೇ.

ಅವಳಿಗೆ ಬರುತ್ತಿದ್ದದ್ದು ರಿಪೋರ್ಟ್ ಟೈಪ್ ಮಾಡುವುದು, ಅಷ್ಟೇ! ಮಿಕ್ಕಿದ್ದನ್ನು ಹನ್ನೊಂದು ವಿಡಿಯೋ ನೋಡಿ ಕಲಿತಿದ್ದಳು. ಸಮಿತಿ ಕೊಟ್ಟ ದುಡ್ಡು ವೆಬ್‌ಸೈಟಿನ ಹೆಸರಿಗೆ ಒಂದು ವರ್ಷಕ್ಕೆ ಸಾಕಾಯಿತು. ಉಳಿದದ್ದೆಲ್ಲ ಪುಕ್ಕಟೆ ಸಿಕ್ಕ ಮಾದರಿ. ಅದರ ನೆತ್ತಿಯ ಮೇಲಿದ್ದ ಹಿಮದ ಬೆಟ್ಟದ ಚಿತ್ರವನ್ನು ತೆಗೆಯುವುದು ಹೇಗೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಆದರೂ ಹಟ ಬಿಡಲಿಲ್ಲ. ಏಕೆಂದರೆ ಮನೆಯಲ್ಲಿ ಅತ್ತಿಗೆಗೆ ಎಂಟು ತಿಂಗಳು ತುಂಬಿತ್ತು. ಅತ್ತಿಗೆಯ ರಕ್ತ ಓ ನೆಗೆಟಿವ್. "ಹೆರಿಗೆ ಕಷ್ಟ ಆಗಬಹುದು. ಅದೇ ಗುಂಪಿನವರನ್ನ ಗೊತ್ತು ಮಾಡಿಟ್ಕೊಂಡಿರಿ" ಎಂದಿದ್ದರು ಡಾಕ್ಟರಮ್ಮ. ಅಮ್ಮ ಹೋದ ಮೇಲೆ ಅವಳ ತಲೆ ಬಾಚಿ ಕಾಲೇಜಿಗೆ ಕಳಿಸಿದ ಅತ್ತಿಗೆ... ಆ ಅತ್ತಿಗೆಗೆ ಏನಾದರೂ ಆದರೆ?

ಅದನ್ನು ಅವನಿಗೆ ಹೇಳಬೇಕೆಂದಿರಲಿಲ್ಲ. ಬಾಯಿ ತಪ್ಪಿ ಹೇಳಿಬಿಟ್ಟಳು.

ಅವನ ದನಿ ಆಗ ನಿಜಕ್ಕೂ ಇಳಿಯಿತು. "ಸರಿ. ನಾನು ಓದ್ತೀನಿ, ನೀವು ಟೈಪ್ ಮಾಡಿ. ಪುಸ್ತಕ ಮಾತ್ರ ನನ್ನ ಕೈಯಲ್ಲೇ ಇರತ್ತೆ."

*

ದಿನಾ ಸಂಜೆ ಐದಕ್ಕೆ ಅವನು ಬರುತ್ತಿದ್ದ. ಕಾಲು ಮುರಿದ ಸ್ಟೂಲಿನ ಮೇಲೆ ಕೂತು ಓದುತ್ತಿದ್ದ.

"ಬೇಕರಿಯವನು. ಓ ನೆಗೆಟಿವ್. ಆಳು ಆನೆ ಥರ, ಸೂಜಿ ಕಂಡ್ರೆ ಮೂರ್ಛೆ. ಕೈ ಹಿಡ್ಕೊಂಡು ಮಾತಾಡಿಸ್ತಾ ಇರಬೇಕು."

"ರೀ, ಹೆಸರು, ಗುಂಪು, ನಂಬರ್ ಸಾಕು!"

"ಇದಿಲ್ದೆ ನಂಬರ್ ತಗೊಂಡು ಏನ್ ಮಾಡ್ತೀರಾ? ಮುಂದಿನದು ಕೇಳಿ. ವೆಲ್ಡಿಂಗ್ ಅಣ್ಣ. ಇವನೂ ಓ ನೆಗೆಟಿವ್. ಮಷೀನ್ ಸದ್ದಿಗೆ ಫೋನ್ ಕೇಳಲ್ಲ. ಎದುರು ಝೆರಾಕ್ಸ್ ಅಂಗಡಿಗೆ ಫೋನ್ ಮಾಡಿ ಕೂಗಿಸಬೇಕು. ಯಾವಾಗ ಕರೆದ್ರೂ ಬರ್ತಾನೆ."

'ಯಾವಾಗ ಕರೆದ್ರೂ ಬರ್ತಾನೆ' ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಇತ್ತು. ಇಡೀ ಪುಸ್ತಕದಲ್ಲಿ ಅಂಥ ಗೆರೆ ಸಿಕ್ಕಿದ್ದು ನಾಲ್ಕೈದು ಜನಕ್ಕೆ ಮಾತ್ರ.

"ಎಲ್ಲರಿಗೂ ಯಾಕೆ ಹಾಕಿಲ್ಲ?"

"ಎಲ್ಲರೂ ಒಳ್ಳೆಯವರೇ. ಆದ್ರೆ ಈ ಮಾತು ಬರೆಯೋಕೆ ಮುಂಚೆ ನಾನು ತುಂಬಾ ಯೋಚನೆ ಮಾಡ್ತೀನಿ."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅದುವರೆಗೂ ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ಆಗ ಅನಿಸಿತು!

"ಆಯ್ತು" ಎಂದಳು ಮೆಲ್ಲಗೆ. "ಗುಂಪಿಗೂ ನಂಬರಿಗೂ ಮಧ್ಯ ಒಂದು ಕಾಲಂ ಖಾಲಿ ಬಿಟ್ಟಿರ್ತೀನಿ. ಪುರಸೊತ್ತಾದಾಗ ನಿಮ್ಮ ಈ ಪುರಾಣನೆಲ್ಲ ಅಲ್ಲಿ ತುಂಬೋಣ."

ಅವನು ನಕ್ಕ. ಆ ನಗು ಕಂಡು ಅವಳು ಒಂದು ನಂಬರನ್ನು ಎರಡು ಸಲ ತಪ್ಪು ಹೊಡೆದು ತಿದ್ದಿದಳು.

ಮೂರನೆಯ ವಾರ ಟೈಪಿಂಗ್ ಮುಗಿಯಿತು. ಆ ಸಂಜೆ ಅವಳು ರಿಪೋರ್ಟ್ ಕೊಟ್ಟು ಬರಲು ಹೋಗಿ ತಿರುಗಿ ಬಂದಾಗ ಅವನೊಬ್ಬನೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಅವಳನ್ನು ಕಂಡದ್ದೇ ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿದ. ಕಿವಿ ಕೆಂಪಾಗಿತ್ತು.

"ಏನ್ ಮಾಡ್ತಿದ್ರಿ?"

"ಏನಿಲ್ಲ... ಏನಿಲ್ಲ."

ಮರುದಿನ ಬೆಳಗ್ಗೆ ಮೇಷ್ಟ್ರ ಫೋನು. "ಹೆಸರುಗಳು ಚೆಲ್ಲಾಪಿಲ್ಲಿ ಇವೆಯಲ್ಲಮ್ಮ! ಅಕಾರಾದಿಯಾಗಿ ಜೋಡಿಸು. ಹತ್ತು ಗಂಟೆಗೆ ಉದ್ಘಾಟನೆ."

ಹನ್ನೊಂದು ವಿಡಿಯೋಗಳಲ್ಲಿ ಒಂದು ಅದರ ಬಗ್ಗೆಯೇ ಇತ್ತು. ಒಂದು ಗುಂಡಿ ಒತ್ತಿದಳು. ಹೆಸರುಗಳೆಲ್ಲ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತವು.

"ಒಂದ್ಸಲ ಪುಸ್ತಕದ ಜೊತೆ ತಾಳೆ ನೋಡೋಣ್ವಾ?" ಎಂದು ಅವನು ಕೇಳಿದ.

"ಯಾಕೆ, ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

ಅವನು ಪುಸ್ತಕವನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡ. ಹತ್ತಕ್ಕೆ ಸರಿಯಾಗಿ ಮೇಷ್ಟ್ರು ಗುಂಡಿ ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

*

ನಾಲ್ಕನೆಯ ದಿನ ಮಧ್ಯಾಹ್ನ ಒಂದೂವರೆಗೆ ಆಂಬುಲೆನ್ಸ್ ಕೂಗುತ್ತಾ ಆಸ್ಪತ್ರೆಯ ಅಂಗಳಕ್ಕೆ ನುಗ್ಗಿತು. ಸ್ಟ್ರೆಚರ್ ಇಳಿಸಿದವನು ಅವನೇ. ಮೇಲೆ ಮಲಗಿದ್ದವಳು ಅತ್ತಿಗೆ! ಹಿಂದೆಯೇ ಬಂದ ಅಣ್ಣನ ಅಂಗಿಯ ತೋಳು ರಕ್ತದಲ್ಲಿ ನೆನೆದಿತ್ತು.

"ಪುಟ್ಟೀ..." ಅತ್ತಿಗೆ ಕಷ್ಟಪಟ್ಟು ನಕ್ಕಳು. "ಒಲೆ ಮೇಲೆ ಹಾಲಿಟ್ಟಿದ್ದೆ ಕಣೇ... ಆರಿಸಿದ್ನೋ ಇಲ್ವೋ..."

"ಹಾಲು ಹಾಳಾಗ್ಲಿ ಅತ್ತಿಗೆ! ನೀವು ಮಾತಾಡಬೇಡಿ!"

ಡಾಕ್ಟರಮ್ಮ ಹೊರಬಂದು ಹೇಳಿದ್ದು ಒಂದೇ ಮಾತು. "ಈಗಲೇ ಆಪರೇಷನ್ ಆಗಬೇಕು. ಇಲ್ಲಿ ಒಂದು ಬಾಟಲಿಯೂ ಓ ನೆಗೆಟಿವ್ ಇಲ್ಲ, ದೊಡ್ಡಾಸ್ಪತ್ರೆಯಿಂದ ಬರೋಕೆ ಮೂರು ಗಂಟೆ ಬೇಕು. ಅಷ್ಟು ಹೊತ್ತು ಇವರು ತಡೆಯಲ್ಲ. ಇಬ್ಬರನ್ನ ಕರೆಸಿ!"

ಇಬ್ಬರು. ಪಟ್ಟಿಯಲ್ಲಿ ಇದ್ದದ್ದೂ ಇಬ್ಬರೇ.

ಅವಳು ವೆಬ್‌ಸೈಟ್ ತೆರೆದಳು. ಹಿಮದ ಬೆಟ್ಟ. ಅದರ ಕೆಳಗೆ ಬೇಕರಿಯವನ ಹೆಸರು, ಓ ನೆಗೆಟಿವ್, ನಂಬರ್. ಒತ್ತಿದಳು.

"ಯಾರಮ್ಮಾ? ಬೇಕರಿನಾ? ಇದು ಟ್ಯೂಷನ್ ಮನೆ! ನಂದು ಬಿ ಪಾಸಿಟಿವ್..."

ವೆಲ್ಡಿಂಗ್ ಅಣ್ಣನ ನಂಬರ್ ಒತ್ತಿದಳು.

"ವೆಲ್ಡಿಂಗಾ? ನಾನು ಟೈಲರ್ ಮೇಡಂ. ನಿಮಗ್ಯಾರೋ ತಪ್ಪು ನಂಬರ್ ಕೊಟ್ಟಿದ್ದಾರೆ."

ತಪ್ಪು ನಂಬರ್ ಕೊಟ್ಟಿದ್ದಾರೆ!

ಲ್ಯಾಪ್‌ಟಾಪಿನ ಮುಂದೆ ಒಬ್ಬನೇ ಕೂತಿದ್ದವನು... ಪಟ್ಟನೆ ಮುಚ್ಚಿದ ಪುಸ್ತಕ... ಕೆಂಪಾದ ಕಿವಿ... 'ಏನಿಲ್ಲ, ಏನಿಲ್ಲ.' ಅವಳ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡವು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಇನ್ನೇನಾಗುತ್ತದೆ, ನೀವೇ ಹೇಳಿ?

ಸುದ್ದಿ ಕೇಳಿ ಓಡಿಬಂದಿದ್ದ ಮೇಷ್ಟ್ರು, ಅಣ್ಣ, ನರ್ಸುಗಳು ಎಲ್ಲರ ಎದುರಿಗೇ ಅವನ ಮೇಲೆ ಹರಿಹಾಯ್ದಳು.

"ನೀವೇ ಅಲ್ವಾ ನಂಬರ್ ತಿರುಚಿದ್ದು? ನಿಮ್ಮ ಪುಸ್ತಕದ ಬೆಲೆ ಉಳಿಸ್ಕೊಳ್ಳೋಕೆ? ವೆಬ್‌ಸೈಟ್ ಬಿದ್ದುಹೋದ್ರೆ ಎಲ್ಲರೂ ಮತ್ತೆ ನಿಮ್ಮ ಕಾಲಿಗೇ ಬೀಳ್ತಾರೆ ಅಂತ! ನನ್ನತ್ತಿಗೆ ಪ್ರಾಣ ಹೋಗ್ತಿದೆ ಕಣ್ರೀ!"

ಅವನು ಏನೋ ಹೇಳಲು ಬಾಯಿ ತೆರೆದ. ಆಪರೇಷನ್ ಕೋಣೆಯ ಬಾಗಿಲು ನೋಡಿ ಮುಚ್ಚಿಕೊಂಡ.

"ಜಗಳ ಆಮೇಲೆ ಆಡೋಣ" ಎಂದವನೇ ನೋಟ್‌ಬುಕ್ ಬಿಚ್ಚಿದ. "ಹಲೋ, ಝೆರಾಕ್ಸ್ ಅಂಗಡಿನಾ? ಎದುರು ವೆಲ್ಡಿಂಗ್ ಅಣ್ಣನ್ನ ಕೂಗಿ. ಹೌದು, ರಕ್ತ. ಬಾಗಿಲಲ್ಲೇ ನಿಂತಿರಕ್ಕೆ ಹೇಳಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಆಂಬುಲೆನ್ಸ್ ಹೊರಟ ಸದ್ದು ಕೇಳಿತು. ಗಡಿಯಾರದಲ್ಲಿ ಒಂದೂ ಐವತ್ತು.

ಎರಡು ಗಂಟೆ... ಎರಡೂ ಐದು... ಅಣ್ಣ ಗೋಡೆಗೆ ಹಣೆಯೊತ್ತಿ ನಿಂತಿದ್ದ. ಅವಳು ಸೂಜಿ, ಚೀಲ, ಟ್ಯೂಬು ಜೋಡಿಸಿಟ್ಟು ಬಾಗಿಲನ್ನೇ ನೋಡುತ್ತಿದ್ದಳು. 'ಬರ್ತಾನಾ? ಅಷ್ಟು ಬೈದ ಮೇಲೂ ಬರ್ತಾನಾ?'

ಎರಡೂ ಹನ್ನೆರಡಕ್ಕೆ ಬಂದ. ಜೊತೆಗೆ ಮೈಯೆಲ್ಲ ಕಿಟ್ಟ ಹಿಡಿದ ವೆಲ್ಡಿಂಗ್ ಅಣ್ಣ, ದಾರಿಯಲ್ಲೇ ಹತ್ತಿಸಿಕೊಂಡ ಹಿಟ್ಟಿನ ಕೈಯ ಬೇಕರಿಯವನು.

ಸೂಜಿ ಕಂಡದ್ದೇ ಆ ಆನೆಯಂಥ ಆಳು ಕಣ್ಣು ಮೇಲೆ ಮಾಡಿದ. ಡ್ರೈವರ್ ಅವನ ಕೈ ಹಿಡಿದ. "ಇಲ್ನೋಡು ಮಾರಾಯ, ನನ್ನ ನೋಡು. ನಿನ್ನ ಬ್ರೆಡ್ಡು ನಿನ್ನೆ ಯಾಕಷ್ಟು ಗಟ್ಟಿ ಇತ್ತು? ಅದರಲ್ಲಿ ಗೋಡೆ ಕಟ್ಟಬಹುದಿತ್ತು!"

"ಗಟ್ಟಿನಾ? ಯಾರು ಹೇಳಿದ್ದು? ನಮ್ಮ ಬ್ರೆಡ್ಡು..." ಬೇಕರಿಯವನು ವಾದಕ್ಕಿಳಿದ. ಚೀಲ ತುಂಬಿತು. ಅವನಿಗೆ ಗೊತ್ತೇ ಆಗಲಿಲ್ಲ.

ಪುರಸೊತ್ತಾದಾಗ ತುಂಬೋಣ ಎಂದು ಅವಳು ಬಿಟ್ಟಿದ್ದ ಆ ಒಂದು ಸಾಲು ಅಂದು ಅತ್ತಿಗೆಯ ಜೀವ ಹಿಡಿದಿತ್ತು.

*

ಅತ್ತಿಗೆ ಉಳಿದಳು. ಹೆಣ್ಣು ಮಗು!

ಆದರೆ ಅವಳಿಗೆ ಖುಷಿಪಡಲಾಗಲಿಲ್ಲ. ಲ್ಯಾಬಿಗೆ ಬಂದು ಪಟ್ಟಿ ತೆರೆದಳು. ಯಾವ ನಂಬರ್ ತಿರುಚಿದ್ದಾನೆಂದು ಹಿಡಿಯಲೇಬೇಕಿತ್ತು. ಜೋಡಿಸುವ ಮುಂಚಿನ ಹಳೆಯ ಪ್ರತಿಯ ಜೊತೆ ಒಂದೊಂದೇ ತಾಳೆ ನೋಡುತ್ತಾ ಹೋದಳು... ಒಂದಲ್ಲ, ಎರಡಲ್ಲ, ಹೆಚ್ಚುಕಡಿಮೆ ಎಲ್ಲವೂ ತಪ್ಪು! ನಂಬರುಗಳು ಮಾತ್ರ ಅವನು ಓದಿದ ಕ್ರಮದಲ್ಲೇ, ಮೊದಲ ದಿನದ ಹಾಗೇ ಇದ್ದವು.

ಪಟ್ಟಿಯ ಮೊದಲ ಸಾಲಿಗೆ ಹೋಗಿ ನೋಡಿದಳು.

ಹೆಸರು, ಗುಂಪು... ನಡುವೆ ಖಾಲಿ ಕಾಲಂ... ಆಚೆ ನಂಬರ್. ಅಕಾರಾದಿಗೆ ಜೋಡಿಸು ಎಂದಾಗ ಕಂಪ್ಯೂಟರ್ ಖಾಲಿ ಕಾಲಂವರೆಗೆ ಬಂದು ನಿಂತಿತ್ತು. ಪಟ್ಟಿ ಅಲ್ಲಿಗೇ ಮುಗಿಯಿತೆಂದುಕೊಂಡು ಹೆಸರು, ಗುಂಪುಗಳನ್ನಷ್ಟೇ ಮೇಲೆ ಕೆಳಗೆ ಮಾಡಿತ್ತು. ಅದಕ್ಕೇನು ಗೊತ್ತು?

ಅವನಿಗಾಗಿ ಅವಳೇ ಬಿಟ್ಟ ಜಾಗ. ತುಂಬಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ಸಲ ತಾಳೆ ನೋಡಿದ್ದರೂ ಆಗುತ್ತಿರಲಿಲ್ಲ.

"ಅಯ್ಯೋ... ಏನೆಲ್ಲ ಅಂದುಬಿಟ್ಟೆ!"

ಅಷ್ಟರಲ್ಲಿ ಬಾಗಿಲಲ್ಲಿ ಅವನು. ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟ.

"ಇನ್ಮೇಲೆ ಇದು ನಿಮ್ಮ ಹತ್ರಾನೇ ಇರ್ಲಿ. ನನ್ನ ಕೈಲಿದ್ರೆ ಮತ್ತೇನು ತಿರುಚ್ತೀನೋ."

"ರೀ... ಒಂದು ನಿಮಿಷ..."

ನಿಲ್ಲಲಿಲ್ಲ. ಆರು ವರ್ಷ ಕೈ ಬಿಡದ ಪುಸ್ತಕವನ್ನು ಬಿಟ್ಟು ಹೋದ. ಅವಳು ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಸಂಜೆ ಸಮಿತಿಯ ಸಭೆಯಲ್ಲಿ ಎದ್ದು ನಿಂತಳು. "ತಪ್ಪು ನನ್ನದು. ಪೂರ್ತಿ ನನ್ನದು. ಎಲ್ಲರ ಮುಂದೆ ಅವರನ್ನ ಬೈದೆ, ಅದಕ್ಕೇ ಎಲ್ಲರ ಮುಂದೆ ಹೇಳ್ತಿದ್ದೀನಿ." ಅವನು ಬಂದಿರಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅಕಾರಾದಿ ಅಂತ ಪ್ರಾಣ ತಿಂದಿದ್ದು ನಾನಮ್ಮ. ನನಗೂ ಪಾಲಿದೆ."

ವೆಬ್‌ಸೈಟಿನ ಪಟ್ಟಿ ತೆಗೆದು, 'ತಪ್ಪಾಗಿದೆ, ತಿದ್ದುತ್ತಿದ್ದೇವೆ' ಎಂದು ಹಾಕಿದಳು. ಮೊದಲಿಂದ ಶುರುಮಾಡಿದಳು. ಈ ಸಲ ಎಲ್ಲವನ್ನೂ ಬರೆದಳು. ಯಾರ ಮನೆಯಲ್ಲಿ ಯಾವಾಗ ಮಗು ಮಲಗಿರುತ್ತದೆ, ಯಾರಿಗೆ ಮೊದಲು ತಿನ್ನಲು ಕೊಡಬೇಕು, ಯಾರು ಬೈಯುತ್ತಲೇ ಬರುತ್ತಾರೆ... ಕಣ್ಣೊರೆಸಿಕೊಳ್ಳುತ್ತಾ ಟೈಪ್ ಮಾಡಿದಳು.

ಮೂರನೆಯ ದಿನ ಇನ್ನೂರ ಹನ್ನೆರಡನೆಯ ಹೆಸರು ಮುಗಿಸಿ ಹಾಳೆ ತಿರುಗಿಸಿದಳು. ಅಲ್ಲಿ ಇನ್ನೊಂದು ಹೆಸರಿತ್ತು. ತಾರೀಕು, ಅವನು ಒಬ್ಬನೇ ಕೂತಿದ್ದ ಆ ಸಂಜೆಯದು.

*

ಅವನು ಶೆಡ್ಡಿನಲ್ಲಿ ಆಂಬುಲೆನ್ಸ್ ತೊಳೆಯುತ್ತಿದ್ದ. ಅವಳನ್ನು ಕಂಡು ಪೈಪಿನ ನೀರು ನಿಲ್ಲಿಸಿದ.

"ಕ್ಷಮಿಸಿ ಅನ್ನೋ ಮಾತು ಚಿಕ್ಕದಾಗತ್ತೆ. ಆದ್ರೂ ಕ್ಷಮಿಸಿ."

"ಮೇಷ್ಟ್ರು ಹೇಳಿದ್ರು, ಸಭೇಲಿ ನೀವು ಹೇಳಿದ್ದನ್ನ."

"ಬೈದಿದ್ದಕ್ಕೆ ತಿರುಗಿ ಯಾಕೆ ಬೈಲಿಲ್ಲ ನೀವು?"

"ನೀವು ನನ್ನ ಬೈತಿರಲಿಲ್ಲ. ಅತ್ತಿಗೆಗೋಸ್ಕರ ಹೆದರಿದ್ರಿ." ಅವನು ಪೈಪನ್ನು ಸುರುಳಿ ಸುತ್ತತೊಡಗಿದ. "ಬೈಗುಳ ನೋಯಲಿಲ್ಲ. ನಾನು ಅಂಥವನು ಅಂತ ನಂಬಿದ್ರಲ್ಲ... ಅದು ನೋವಾಯ್ತು."

ಅವಳು ನೋಟ್‌ಬುಕ್ ಬಿಚ್ಚಿ ಕೊನೆಯ ಹಾಳೆ ಮುಂದೆ ಹಿಡಿದಳು.

"ಅಯ್ಯಯ್ಯೋ! ಓದಿಬಿಟ್ರಾ?"

"ಮೂರು ಸಲ." ಅಳುವೂ ನಗುವೂ ಒಟ್ಟಿಗೇ ಬಂದವು. ಓದಿದಳು: "ಲ್ಯಾಬ್ ಮೇಡಂ. ಎ ಪಾಸಿಟಿವ್. ಸಿಟ್ಟು ಮೂಗಿನ ತುದೀಲಿ. ಬೈದ್ರೆ ಬೈಸ್ಕೋಬೇಕು, ಅರ್ಧ ಗಂಟೇಲಿ ತಾನೇ ತಣ್ಣಗಾಗ್ತಾರೆ. ನಕ್ಕರೆ ಆ ದಿನ ಚೆನ್ನಾಗಿರತ್ತೆ. ಇದನ್ನ ಅವರಿಗೆ ಹೇಳೋ ಧೈರ್ಯ ಇನ್ನೂ ಬಂದಿಲ್ಲ."

ಅವನ ಕಿವಿ ಮತ್ತೆ ಕೆಂಪಾಯಿತು. "ಅದು... ಸುಮ್ನೆ..."

"ಇದರಲ್ಲಿ ಒಂದು ತಪ್ಪಿದೆ."

"ಏನು?"

"ಅರ್ಧ ಗಂಟೆ ಅಲ್ಲ. ಮೂರು ದಿನ ಬೇಕಾಯ್ತು."

ಅವನು ನಕ್ಕುಬಿಟ್ಟ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಜೇಬಿನಿಂದ ಪೆನ್ನು ತೆಗೆದ. "ಹಾಗಾದ್ರೆ ತಿದ್ಕೊಡಿ."

ಅವಳು ಪುಸ್ತಕವನ್ನು ಆಂಬುಲೆನ್ಸಿನ ಬಾನೆಟ್ಟಿನ ಮೇಲಿಟ್ಟು, ತನ್ನ ಹೆಸರಿನ ಕೆಳಗೆ ಒಂದು ಸಾಲು ಬರೆದು ಅವನತ್ತ ತಿರುಗಿಸಿದಳು.

'ಯಾವಾಗ ಕರೆದ್ರೂ ಬರ್ತಾಳೆ.'

ಅವನು ಆ ಸಾಲನ್ನು ಬೆರಳಿಟ್ಟು ಓದಿದ.

"ಈ ಮಾತು ಬರೆಯೋಕೆ ಮುಂಚೆ ಯೋಚನೆ ಮಾಡಬೇಕು ಮೇಡಂ."

"ಮೂರು ದಿನ ಮಾಡಿದ್ದೀನಿ" ಎಂದಳು. "ಕೆಂಪು ಗೆರೆ ಮಾತ್ರ ನೀವೇ ಎಳೀರಿ."